ಒರಾಂಗುಟಾನ್ ಕಬಿನಿಯಲ್ಲಿ ಯಾಕೆ ಕಾಣಲಿಲ್ಲ?

ಪ್ರಶ್ನೆ: ನಮ್ಮ ಮಗಳಿಗೆ ಎಂಟು ವರ್ಷ. ಪ್ರಾಣಿಗಳ ಅನಿಮೇಷನ್ ಸಿನಿಮಾ ಹಾಕಿದರೆ ಊಟವೂ ಬೇಡ ಅವಳಿಗೆ. ಈಚೆಗೆ ಕಬಿನಿಗೆ ಸಫಾರಿ ಕರೆದುಕೊಂಡು ಹೋಗಿದ್ದೆವು. ಆನೆ, ಕಾಟಿ, ಜಿಂಕೆ ಎಲ್ಲಾ ಕಂಡವು. ಆದರೂ ವಾಪಸ್ ಬರುವಾಗ ಮುಖ ಸಣ್ಣದಾಗಿತ್ತು. "ಒರಾಂಗುಟಾನ್ ಯಾಕೆ ಕಾಣಲಿಲ್ಲ? 'ದಿ ಜಂಗಲ್ ಬುಕ್'ನಲ್ಲಿ ಇದೆಯಲ್ಲ, ಅದೂ ಇಂಡಿಯಾದ ಕಾಡೇ ಅಲ್ವಾ?" ಅಂದಳು. ನನಗೆ ಉತ್ತರ ಹೊಳೆಯಲಿಲ್ಲ. ಈ ಸಿನಿಮಾಗಳಲ್ಲಿ ತೋರಿಸುವ ಜಾಗ, ಪ್ರಾಣಿ ಎಷ್ಟು ನಿಜ? ತಪ್ಪುಗಳಿದ್ದರೆ ಮಕ್ಕಳಿಗೆ ತೋರಿಸಬಾರದಾ?
– ಹುಬ್ಬಳ್ಳಿಯ ಓದುಗರೊಬ್ಬರು

ಉತ್ತರ: ಮೊದಲು ನಿಮ್ಮ ಮಗಳಿಗೆ ಉತ್ತರ ಹೇಳಿಬಿಡುತ್ತೇನೆ. ಒರಾಂಗುಟಾನ್‌ನ ಮನೆ ಇರುವುದು ಬೋರ್ನಿಯೊ ಮತ್ತು ಸುಮಾತ್ರ ದ್ವೀಪಗಳಲ್ಲಿ. ಇವೆರಡು ಬಿಟ್ಟರೆ ಭೂಮಿಯ ಮೇಲೆ ಬೇರೆ ಯಾವ ಕಾಡಿನಲ್ಲೂ ಈಗ ಅದು ಇಲ್ಲ. ಅದರ ಹೆಸರೇ ಮಲಯ್ ಭಾಷೆಯದು. 'ಒರಾಂಗ್' ಅಂದರೆ ಮನುಷ್ಯ, 'ಹುತಾನ್' ಅಂದರೆ ಕಾಡು. ಸಿನಿಮಾದ ಕಥೆ ನಡೆಯುವುದು ಮಧ್ಯಪ್ರದೇಶದ ಕಾಡಿನಲ್ಲಿ. ಅಲ್ಲಿಗೂ ಸುಮಾತ್ರಕ್ಕೂ 2,500 ಕಿಲೋಮೀಟರಿಗಿಂತ ಜಾಸ್ತಿ ದೂರ, ನಡುವೆ ಸಮುದ್ರ ಬೇರೆ. ಬಾಲವಿಲ್ಲದ ವಾನರ ಅಂತ ಭಾರತದಲ್ಲಿ ಇರುವುದು ಹೂಲಾಕ್ ಗಿಬ್ಬನ್ ಮಾತ್ರ. ಅದೂ ಅಸ್ಸಾಂ, ಅರುಣಾಚಲದ ಕಡೆ. ಕಬಿನಿಯಲ್ಲಿ ನಿಮ್ಮ ಮಗಳು ನೋಡಿರಬಹುದಾದದ್ದು ಮಂಗ ಮತ್ತು ಮುಸುವ. ನಿಮ್ಮ ಕಡೆ ಮಂಗ್ಯಾ ಅನ್ನುತ್ತೀರಲ್ಲ, ಅದೇ.

ಇನ್ನು ನಿಮ್ಮ ಪ್ರಶ್ನೆ. ಪ್ರಾಣಿ ಮಾತಾಡಿತು, ಹಾಡಿತು, ಕುಣಿಯಿತು ಅಂತ ನಾನು ತಕರಾರು ಮಾಡುವುದಿಲ್ಲ. ಸಾವಿರ ವರ್ಷದ ಹಿಂದೆ ದುರ್ಗಸಿಂಹ ಕನ್ನಡದಲ್ಲಿ ಪಂಚತಂತ್ರ ಬರೆದಾಗಲೇ ನರಿಗಳು ರಾಜಕೀಯ ಮಾತಾಡಿಯಾಗಿದೆ. ನಮ್ಮ ಗೋವಿನ ಹಾಡಿನಲ್ಲಿ ಹುಲಿ ಪ್ರಾಣವನ್ನೇ ಬಿಡುತ್ತದೆ. ಯಾವ ಹುಲಿಯೂ ಹಾಗೆ ಮಾಡುವುದಿಲ್ಲ, ಅದನ್ನು ಕೇಳಿ ಬೆಳೆದ ಯಾರಿಗೂ ಅದರಿಂದ ತೊಂದರೆಯೂ ಆಗಿಲ್ಲ. ಆದರೆ ಒಂದು ವಿಷಯ ಗಮನಿಸಿ. ಆ ಹಾಡು ಶುರುವಿನಲ್ಲೇ ಇದು ಕರ್ನಾಟಕದ ಕಥೆ ಎಂದು ಹೇಳುತ್ತದೆ. ಆಮೇಲೆ ಅದರಲ್ಲಿ ಬರುವುದು ಹಸು, ಕರು, ಗೊಲ್ಲ, ಬೆಟ್ಟ, ಹುಲಿ. ಎಲ್ಲಾ ಇಲ್ಲಿಯವೇ.

ಹಾಗಾಗಿ ಯಾವುದೇ ಪ್ರಾಣಿ ಸಿನಿಮಾ ನೋಡುವಾಗ ನಾನು ಎರಡೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇದರ ಮನೆ ಎಲ್ಲಿ? ಆ ಮನೆಯಲ್ಲಿ ಯಜಮಾನಿಕೆ ಯಾರದು? ಮೊದಲನೆಯದರಲ್ಲಿ ತಪ್ಪಿದರೆ ಜನ ಬೇಗ ಹಿಡಿಯುತ್ತಾರೆ, ನಿಮ್ಮ ಮಗಳು ಹಿಡಿದ ಹಾಗೆ. ಎರಡನೆಯದು ಯಾರ ಕಣ್ಣಿಗೂ ಬೀಳುವುದಿಲ್ಲ. ನನಗೆ ಜಾಸ್ತಿ ಕಿರಿಕಿರಿ ಅದರದ್ದೇ. ಅದಕ್ಕೆ ಆಮೇಲೆ ಬರುತ್ತೇನೆ.

'ದಿ ಜಂಗಲ್ ಬುಕ್' ಪುಸ್ತಕವಾಗಿ ಬಂದದ್ದು 1894ರಲ್ಲಿ. ಬರೆದ ಕಿಪ್ಲಿಂಗ್ ಹುಟ್ಟಿದ್ದು ಮುಂಬೈಯಲ್ಲಿ. ಆದರೆ ಕಥೆ ನಡೆಯುವ ಸಿಯೋನಿ ಗುಡ್ಡಗಳಿಗೆ ಅವರು ಕಾಲಿಟ್ಟವರಲ್ಲ. ಬರೆದದ್ದು ಅಮೆರಿಕದ ವರ್ಮಾಂಟ್‌ನಲ್ಲಿ, ಚಳಿಗೆ ಹಿಮ ಬೀಳುವ ಊರಿನಲ್ಲಿ ಕೂತು. ಸಿಯೋನಿಯಲ್ಲಿ ಕೆಲಸ ಮಾಡಿದ್ದ ಸ್ಟರ್ನ್‌ಡೇಲ್ ಎಂಬ ಅಧಿಕಾರಿ ಬರೆದಿದ್ದ ಪುಸ್ತಕಗಳು ಅವರ ಕೈಯಲ್ಲಿದ್ದವು. ಅದಕ್ಕೇ ಪುಸ್ತಕದಲ್ಲಿ ವಿಳಾಸಗಳು ಬಹಳ ಮಟ್ಟಿಗೆ ಸರಿ ಇವೆ. ಹುಲಿ, ಕರಡಿ, ಹೆಬ್ಬಾವು, ತೋಳ, ಚಿರತೆ ಎಲ್ಲಾ ಆ ಭಾಗದವೇ. ಈಗ ಅಲ್ಲಿ ಪೆಂಚ್ ಹುಲಿ ಸಂರಕ್ಷಿತ ಪ್ರದೇಶ ಇದೆ. ಪುಸ್ತಕದಲ್ಲಿ ಒರಾಂಗುಟಾನ್ ಇಲ್ಲವೇ ಇಲ್ಲ. ಅಲ್ಲಿನ ಮಂಗಗಳಿಗೆ ರಾಜನೇ ಇಲ್ಲ. ನಾಯಕ ಇಲ್ಲ, ಕಟ್ಟುಪಾಡು ಇಲ್ಲ ಅನ್ನುವುದೇ ಆ ಮಂಗಗಳ ಬಗ್ಗೆ ಕಾಡಿನ ಉಳಿದವರ ದೂರು.

ರಾಜನನ್ನು ತಂದದ್ದು 1967ರ ಡಿಸ್ನಿ ಸಿನಿಮಾ. ಲೂಯಿ ಪ್ರೀಮಾ ಎಂಬ ಜಾಜ್ ಗಾಯಕರ ದನಿ ಸಿಕ್ಕಿತು, ಆ ದನಿಗೆ ತಕ್ಕ ದೊಡ್ಡ ದೇಹ ಬೇಕಾಯಿತು. ನಮ್ಮ ಮಂಗ್ಯಾನ ಮೈಯಿಂದ ಆ ದನಿ ಹೊರಟರೆ ಯಾರು ನಂಬುತ್ತಾರೆ? ಹಾಗೆ ಮಂಗಗಳ ರಾಜನಾಗಿ ಒರಾಂಗುಟಾನ್ ಬಂತು. 2016ರಲ್ಲಿ ಅದೇ ಕಥೆಯನ್ನು ಕಂಪ್ಯೂಟರ್ ಗ್ರಾಫಿಕ್ಸ್‌ನಲ್ಲಿ ಮತ್ತೆ ಮಾಡಿದಾಗ ಈ ತಪ್ಪು ಅವರಿಗೆ ಗೊತ್ತಿತ್ತು. ಅದಕ್ಕೆ ಒರಾಂಗುಟಾನ್ ತೆಗೆದು ಜೈಗ್ಯಾಂಟೋಪಿಥೆಕಸ್ ಎಂಬ ದೈತ್ಯ ವಾನರನನ್ನು ಹಾಕಿದರು. ಅದರ ಹಲ್ಲು, ದವಡೆಗಳು ಸಿಕ್ಕಿರುವುದು ಮುಖ್ಯವಾಗಿ ದಕ್ಷಿಣ ಚೀನಾದ ಗುಹೆಗಳಲ್ಲಿ. ಅದು ಅಳಿದು ಎರಡು ಲಕ್ಷ ವರ್ಷಕ್ಕಿಂತ ಮೇಲಾಯಿತು. ಅಂದರೆ ವಿಳಾಸ ತಿದ್ದಲು ಹೋಗಿ ಇಸವಿಯನ್ನೂ ತಪ್ಪಿದರು. ಆದರೂ ತಲೆ ಕೆಡಿಸಿಕೊಂಡರಲ್ಲ, ಅದಕ್ಕೆ ಅರ್ಧ ಅಂಕ ಕೊಡೋಣ.

ಬಘೀರನ ಬಗ್ಗೆ ನನಗೆ ದೂರಿಲ್ಲ. ಕರಿಚಿರತೆ ಅನ್ನುವುದು ಬೇರೆ ಜಾತಿಯ ಪ್ರಾಣಿ ಏನಲ್ಲ. ಮಾಮೂಲಿ ಚಿರತೆಯೇ, ಬಣ್ಣ ಮಾತ್ರ ಕಪ್ಪು. ಕಪ್ಪು ಬಣ್ಣದ ಜೀನ್ ಅಪ್ಪ ಅಮ್ಮ ಇಬ್ಬರಿಂದಲೂ ಬರಬೇಕು. ಒಂದೇ ತಾಯಿಗೆ ಒಂದು ಮರಿ ಚುಕ್ಕೆಯದು, ಇನ್ನೊಂದು ಕರಿಯದು ಹುಟ್ಟಬಹುದು. ಓರೆ ಬಿಸಿಲು ಬಿದ್ದಾಗ ಕಪ್ಪಿನ ಒಳಗಿಂದ ಚುಕ್ಕೆಗಳು ಮೇಲೆ ಬರುತ್ತವೆ. ಕಿಪ್ಲಿಂಗ್ ಇದನ್ನೂ ಬರೆದಿದ್ದಾರೆ, ರೇಷ್ಮೆ ಬಟ್ಟೆಯ ಮೇಲಿನ ಅಲೆಯಂಥ ವಿನ್ಯಾಸಕ್ಕೆ ಹೋಲಿಸಿ. ಕರಿಚಿರತೆ ಜಾಸ್ತಿ ಕಾಣುವುದು ತೇವದ, ದಟ್ಟ ಕಾಡುಗಳಲ್ಲಿ. ಹಾಗೆ ನೋಡಿದರೆ ಬಘೀರನಿಗೆ ಒಣ ಕಾಡಿನ ಸಿಯೋನಿಗಿಂತ ನಿಮಗೆ ಹತ್ತಿರದ ದಾಂಡೇಲಿಯೇ ಹೆಚ್ಚು ಒಗ್ಗುವ ಜಾಗ. ಕಬಿನಿಯಲ್ಲೂ ಒಂದು ಕರಿಚಿರತೆ ವರ್ಷಗಟ್ಟಲೆ ಓಡಾಡಿ ಹೆಸರು ಮಾಡಿದೆ. ನಿಮ್ಮ ಮಗಳಿಗೆ ಒರಾಂಗುಟಾನ್ ಕಾಣಲಿಲ್ಲ ಅಂತ ಬೇಜಾರಾಗಬೇಕಿಲ್ಲ. ಬಘೀರ ಕಾಣಲಿಲ್ಲ ಅಂತ ಬೇಜಾರಾದರೆ ಅದಕ್ಕೆ ಅರ್ಥ ಇದೆ.

ತೋಳಗಳ ವಿಷಯದಲ್ಲಿ ಮಾತ್ರ ಸಿನಿಮಾದ ಚಿತ್ರ ನಮ್ಮ ತಲೆಯಲ್ಲಿ ತಪ್ಪಾಗಿ ಕೂತಿದೆ. ದೊಡ್ಡ ಮರಗಳ ಕಗ್ಗಾಡಿನಲ್ಲಿ ತೋಳ ಇರುತ್ತದೆ ಎಂದು ಮಕ್ಕಳು ತಿಳಿಯುತ್ತಾರೆ. ನಮ್ಮ ತೋಳಕ್ಕೆ ಬೇಕಾದದ್ದು ಬಯಲು, ಹುಲ್ಲುಗಾವಲು, ಕುರುಚಲು ಗುಡ್ಡ. ಕೊಪ್ಪಳ, ಗದಗ, ಬಳ್ಳಾರಿ ಕಡೆಯ ಕುರಿಗಾಹಿಗಳನ್ನು ಕೇಳಿ. ಹುಲಿ ನೋಡದವರು ಅಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ, ತೋಳ ನೋಡದ ಕುರುಬ ಸಿಗುವುದು ಕಷ್ಟ.

ಈಗ ಆಫ್ರಿಕಾಕ್ಕೆ ಹೋಗೋಣ. 1994ರ 'ದಿ ಲಯನ್ ಕಿಂಗ್' ತಯಾರಿಸುವಾಗ ಕಲಾವಿದರು ಕೀನ್ಯಾಕ್ಕೆ ಹೋಗಿ ಬಂದಿದ್ದರು. ಹೆಲ್ಸ್ ಗೇಟ್ ರಾಷ್ಟ್ರೀಯ ಉದ್ಯಾನದ ಬಂಡೆಗಳನ್ನು ನೋಡಿ ಬರೆದುಕೊಂಡಿದ್ದರು. ಹೆಸರುಗಳೂ ಅಲ್ಲಿನ ಸ್ವಾಹಿಲಿ ಭಾಷೆಯವು. ಸಿಂಬಾ ಅಂದರೆ ಸಿಂಹ, ರಫೀಕಿ ಅಂದರೆ ಗೆಳೆಯ. ಬೆಳಕು, ಹುಲ್ಲು, ಒಂಟಿ ಮರ ಎಲ್ಲಾ ಚೆನ್ನಾಗಿವೆ. ಆದರೆ ಕೋಲು ಹಿಡಿದ ಆ ಮುದುಕ ರಫೀಕಿಯ ಬಣ್ಣದ ಮುಖ ಮ್ಯಾಂಡ್ರಿಲ್‌ನದು. ಮ್ಯಾಂಡ್ರಿಲ್ ಇರುವುದು ಗಬಾನ್, ಕ್ಯಾಮರೂನ್ ಕಡೆಯ ಮಳೆಕಾಡಿನಲ್ಲಿ, ಖಂಡದ ಆ ತುದಿಗೆ. ಬಾಲವೋ ಬಬೂನ್‌ನದು. ನಿಜವಾದ ಮ್ಯಾಂಡ್ರಿಲ್‌ಗೆ ಇರುವುದು ಮೋಟು ಬಾಲ. ಟಿಮೋನ್ ಮೀರ್‌ಕ್ಯಾಟ್ ಜಾತಿ, ಅದು ದಕ್ಷಿಣದ ಕಲಹಾರಿಯ ಒಣ ನಾಡಿನದು. ಸಿನಿಮಾದ ಮೊದಲ ಹಾಡಿನಲ್ಲಿ ಎಲೆ ಚೂರು ಹೊತ್ತು ಸಾಲಾಗಿ ಹೋಗುವ ಇರುವೆಗಳನ್ನು ನೋಡಿ. ಹಾಗೆ ಎಲೆ ಕತ್ತರಿಸಿ ಹೊರುವ ಇರುವೆಗಳು ಅಮೆರಿಕ ಖಂಡಗಳಲ್ಲಿ ಬಿಟ್ಟರೆ ಎಲ್ಲೂ ಇಲ್ಲ. ಇವನ್ನೆಲ್ಲ ಹುಡುಕುವುದು ಒಂಥರಾ ಚಟ. ನನ್ನ ಜತೆ ಸಿನಿಮಾ ನೋಡಲು ಮನೆಯವರು ಒಪ್ಪುವುದಿಲ್ಲ.

ಅಂದ ಹಾಗೆ, ಸಿಂಹ 'ಕಾಡಿನ ರಾಜ' ಅನ್ನುವುದೇ ವಿಳಾಸದ ತಪ್ಪು. ಅದು ಹುಲ್ಲುಗಾವಲಿನ, ಬಿಡುಬಿಡುವಾದ ಕುರುಚಲಿನ ಪ್ರಾಣಿ. ಭಾರತದಲ್ಲಿ ಈಗ ಉಳಿದಿರುವುದು ಗುಜರಾತಿನ ಗಿರ್ ಸುತ್ತಮುತ್ತ, 2025ರ ಗಣತಿಯಲ್ಲಿ 891. ಕನ್ನಡ ನಾಡಿನಲ್ಲಿ ಸಿಂಹ ನೋಡಿದವರು ಕಡಿಮೆ, ಕೆತ್ತಿದವರು ಜಾಸ್ತಿ. ಹೊಯ್ಸಳ ಲಾಂಛನ ನೆನಪಿಸಿಕೊಳ್ಳಿ. ಕಥೆಯಲ್ಲಿ ಸಳ ಕೊಂದದ್ದು ಹುಲಿ. ಬೇಲೂರಿನ ಕಲ್ಲಿನಲ್ಲಿ ನಿಂತಿರುವುದು ಸಿಂಹದಂಥ ಮೃಗ. ಡಿಸ್ನಿಯವರನ್ನು ಮಾತ್ರ ಯಾಕೆ ಬೈಯಬೇಕು?

ವಿಳಾಸದ ತಪ್ಪುಗಳಲ್ಲಿ ನನಗೆ ನಿಜವಾಗಿ ನೋವಾದದ್ದು ಒಂದೇ ಸಿನಿಮಾದಲ್ಲಿ. 2011ರ 'ರಿಯೊ'. ಅದರ ನಾಯಕ ನೀಲಿ ಗಿಳಿ ಸ್ಪಿಕ್ಸ್ ಮಕಾವ್ ಜಾತಿಯದು. ಕಥೆ ಅದನ್ನು ರಿಯೊ ಡಿ ಜನೈರೊದ ಹಸಿರು ಮಳೆಕಾಡಿಗೆ ತಂದು ಸೇರಿಸುತ್ತದೆ. ನಿಜದಲ್ಲಿ ಅದರ ಮನೆ ಅಲ್ಲಿಂದ ಸುಮಾರು 1,500 ಕಿಲೋಮೀಟರ್ ಉತ್ತರಕ್ಕೆ, ಬಹಿಯಾ ರಾಜ್ಯದ ಮುಳ್ಳುಕಂಟಿಯ ಒಣ ನಾಡಿನಲ್ಲಿ. ಕೊಪ್ಪಳದ ಕುರುಚಲಿನ ಹಕ್ಕಿಯನ್ನು ಆಗುಂಬೆಗೆ ಒಯ್ದು ಬಿಟ್ಟ ಹಾಗೆ. ಆ ನಾಡಿನಲ್ಲಿ ಹಳ್ಳದ ದಂಡೆಯ ಕೆಲವು ಜಾತಿಯ ಮರಗಳ ಪೊಟರೆಯಲ್ಲೇ ಅದು ಗೂಡು ಮಾಡುತ್ತಿತ್ತು. ಮರ ಹೋಯಿತು, ಗಿಳಿ ಹಿಡಿಯುವವರು ಬಂದರು. ಕಾಡಿನಲ್ಲಿ ಉಳಿದಿದ್ದ ಕೊನೆಯ ಗಂಡು 2000ದಲ್ಲಿ ಕಾಣೆಯಾಯಿತು. ಪಂಜರದಲ್ಲಿ ಬೆಳೆಸಿದ ಎಂಟು ಹಕ್ಕಿಗಳನ್ನು 2022ರಲ್ಲಿ ಅದೇ ಬಹಿಯಾದ ಒಣ ನಾಡಿಗೆ ವಾಪಸ್ ಬಿಟ್ಟರು. ಇಲ್ಲಿ ವಿಳಾಸವೇ ಕಥೆಯ ಜೀವ. ಯಾವ ನೆಲ ಹಾಳಾದದ್ದರಿಂದ ಹಕ್ಕಿ ಹೋಯಿತೋ ಆ ನೆಲವೇ ಸಿನಿಮಾದಲ್ಲಿ ಇಲ್ಲ.

ಇದಕ್ಕೆ ಎದುರು ಒಂದು ಒಳ್ಳೆಯ ಉದಾಹರಣೆ ಹಳೆಯ 'ಬ್ಯಾಂಬಿ'. ಮೂಲ ಕಾದಂಬರಿ ಆಸ್ಟ್ರಿಯಾದವರು ಬರೆದದ್ದು, ಅದರಲ್ಲಿದ್ದದ್ದು ಯೂರೋಪಿನ ರೋ ಜಿಂಕೆ. 1942ರ ಸಿನಿಮಾಕ್ಕೆ ಕಥೆಯನ್ನು ಅಮೆರಿಕಕ್ಕೆ ತಂದಾಗ ಜಿಂಕೆಯನ್ನೂ ಬದಲಿಸಿ ಅಲ್ಲಿನ ಬಿಳಿಬಾಲದ ಜಿಂಕೆ ಮಾಡಿದರು. ಮೈನ್ ರಾಜ್ಯದಿಂದ ಎರಡು ಮರಿಗಳನ್ನು ಸ್ಟುಡಿಯೋಗೆ ತರಿಸಿ, ಅವು ಏಳುವುದು, ಎಡವುವುದು, ಕಿವಿ ಅಲ್ಲಾಡಿಸುವುದನ್ನು ಕಲಾವಿದರು ನೋಡಿ ಬರೆದರು. ಮನೆ ಬದಲಾದರೆ ಮನೆಯವರೂ ಬದಲಾಗಬೇಕು ಎನ್ನುವುದು ಅವರಿಗೆ ತಿಳಿದಿತ್ತು.

ಆದರೆ ಅದೇ 'ಬ್ಯಾಂಬಿ'ಯಲ್ಲಿ ಏನಾಗುತ್ತದೆ? ತಾಯಿ ಸಾಯುತ್ತದೆ. ಕೊಂಬಿನ ದೊಡ್ಡ ಅಪ್ಪ ಬಂದು ಮರಿಯನ್ನು ಕರೆದುಕೊಂಡು ಹೋಗುತ್ತದೆ. ಬಿಳಿಬಾಲದ ಗಂಡು ಜಿಂಕೆಗೆ ತನ್ನ ಮರಿ ಯಾವುದೆಂದೂ ಗೊತ್ತಿರುವುದಿಲ್ಲ. ಸಾಕುವುದೆಲ್ಲ ತಾಯಿಯೇ. ಇಲ್ಲಿಂದ ನನ್ನ ಎರಡನೇ ಪ್ರಶ್ನೆ ಶುರು, ಯಜಮಾನಿಕೆಯದು.

ಶಾಲೆಗಳಿಗೆ ಹೋದಾಗ ಮಕ್ಕಳಿಗೆ ಆನೆ ಹಿಂಡು ಬರೆಯಿರಿ ಅನ್ನುತ್ತೇನೆ. ಬಹುತೇಕ ಎಲ್ಲರೂ ಮುಂದೆ ದೊಡ್ಡ ದಂತದ ಸಲಗ ಬರೆಯುತ್ತಾರೆ. 1967ರ ಸಿನಿಮಾದಲ್ಲೂ ಹಾಗೇ. ಕರ್ನಲ್ ಹಾಥಿ ಮಿಲಿಟರಿ ಠೀವಿಯಲ್ಲಿ ಮುಂದೆ, ಉಳಿದವು ಹಿಂದೆ. ನಿಜವಾದ ಹಿಂಡನ್ನು ನಡೆಸುವುದು ವಯಸ್ಸಾದ ಹೆಣ್ಣಾನೆ. ಜತೆಗಿರುವವರು ಅದರ ಹೆಣ್ಣುಮಕ್ಕಳು, ತಂಗಿಯರು, ಮೊಮ್ಮಕ್ಕಳು. ಬರ ಬಂದಾಗ ಯಾವ ಹಳ್ಳದಲ್ಲಿ ನೀರು ಉಳಿದಿರುತ್ತದೆ ಎಂಬುದು ಆ ಅಜ್ಜಿಯ ತಲೆಯಲ್ಲಿರುತ್ತದೆ. ಗಂಡು ಪ್ರಾಯಕ್ಕೆ ಬಂದ ಮೇಲೆ ಹಿಂಡು ಬಿಡುತ್ತದೆ. ನಮ್ಮ ಜನ ಅದಕ್ಕೆ 'ಒಂಟಿ ಸಲಗ' ಎಂದು ಸುಮ್ನೆ ಹೆಸರಿಡಲಿಲ್ಲ. ಭಾಷೆಯಲ್ಲಿ ಸರಿಯಾದ ಉತ್ತರ ಇಟ್ಟುಕೊಂಡು ನಮ್ಮ ಮಕ್ಕಳು ತಪ್ಪು ಚಿತ್ರ ಬರೆಯುತ್ತಿದ್ದಾರೆ.

ಸಿಂಹದ ಮನೆಯೂ ಹೆಣ್ಣುಗಳದ್ದೇ. ತಾಯಿ, ಚಿಕ್ಕಮ್ಮ, ಮಗಳು ಹೀಗೆ ತಲೆಮಾರಿನಿಂದ ಅದೇ ನೆಲದಲ್ಲಿ ಇರುತ್ತಾರೆ. ಗಂಡುಗಳು ಹೊರಗಿನಿಂದ ಬರುವವು. ಕೆಲವು ವರ್ಷ ಇದ್ದು, ಇನ್ನೂ ಗಟ್ಟಿ ಗಂಡುಗಳು ಬಂದಾಗ ಜಾಗ ಖಾಲಿ ಮಾಡುವ ಬಾಡಿಗೆದಾರರು. ಹೊಸ ಗಂಡು ಬಂದರೆ ಮೊದಲ ಕೆಲಸ ಹಳೆಯ ಗಂಡಿನ ಮರಿಗಳನ್ನು ಕೊಲ್ಲುವುದು. ಆಗ ತಾಯಿ ಬೇಗ ಮತ್ತೆ ಬೆದೆಗೆ ಬರುತ್ತದೆ. ಆ ಲೆಕ್ಕದಲ್ಲಿ 'ದಿ ಲಯನ್ ಕಿಂಗ್'ನಲ್ಲಿ ಅಪ್ಪನನ್ನು ಕೊಂದು ಗದ್ದುಗೆ ಹಿಡಿದ ಚಿಕ್ಕಪ್ಪ ಸ್ಕಾರ್ ಎದುರು ಮರಿ ಸಿಂಬಾ ಬದುಕುಳಿದದ್ದೇ ಆಶ್ಚರ್ಯ. ಗಂಡು ಮರಿ ಎರಡು ಮೂರು ವರ್ಷಕ್ಕೆ ಮನೆ ಬಿಟ್ಟು ಹೋಗುವುದು ನಿಜ. ಆದರೆ ವಾಪಸ್ ಬಂದು ಅಪ್ಪನ ಬಂಡೆ ಹತ್ತುವುದಿಲ್ಲ, ಬೇರೆ ಗುಂಪು ಹುಡುಕುತ್ತದೆ. ತನ್ನ ಗುಂಪಿನಲ್ಲಿರುವವರೆಲ್ಲ ಅಕ್ಕತಂಗಿಯರು ಅಲ್ವಾ? ಸಿಂಬಾನ ಜೋಡಿ ನಾಲಾ ಯಾರ ಮಗಳು ಎಂದು ನಿಮ್ಮ ಮಗಳು ಕೇಳಿದರೆ ಮಾತು ಬದಲಿಸಿ.

ಕತ್ತೆಕಿರುಬದ ವಿಷಯದಲ್ಲಿ ಈ ಸಿನಿಮಾ ಒಂದು ಸರಿ ಮಾಡಿ ಒಂದು ಕೆಡಿಸಿದೆ. ಅಲ್ಲಿನ ಮೂರು ಕತ್ತೆಕಿರುಬಗಳಲ್ಲಿ ಮುಂದಾಳು ಶೆಂಜಿ, ಹೆಣ್ಣು. ಆಫ್ರಿಕಾದ ಚುಕ್ಕೆ ಕತ್ತೆಕಿರುಬದಲ್ಲಿ ಹೆಣ್ಣೇ ದೊಡ್ಡದು, ಹೆಣ್ಣಿನದೇ ಆಡಳಿತ. ಪಕ್ಕಾ ಸರಿ. ಆದರೆ ಅವು ಎಂಜಲು ಕಾಯುವ ಹೇಡಿಗಳು ಎಂಬುದು ಹಳೆಯ ಸುಳ್ಳು. 1960ರ ದಶಕದಲ್ಲಿ ಹಾನ್ಸ್ ಕ್ರೂಕ್ ಎಂಬ ಪ್ರಾಣಿವಿಜ್ಞಾನಿ ತಾಂಜಾನಿಯಾದ ಸೆರೆಂಗೆಟಿ ಮತ್ತು ಗೊರೊಂಗೊರೊದಲ್ಲಿ ರಾತ್ರಿಗಟ್ಟಲೆ ಹಿಂಬಾಲಿಸಿ ನೋಡಿದರು. ಕತ್ತೆಕಿರುಬಗಳು ತಮ್ಮ ಊಟದ ಬಹುಪಾಲು ತಾವೇ ಬೇಟೆಯಾಡುತ್ತಿದ್ದವು. ಎಷ್ಟೋ ಸಲ ಅವು ಕೊಂದದ್ದನ್ನು ಸಿಂಹ ಬಂದು ಕಿತ್ತುಕೊಳ್ಳುತ್ತಿತ್ತು. ಬೆಳಿಗ್ಗೆ ನೋಡಿದವರಿಗೆ ತಿನ್ನುತ್ತಿರುವ ಸಿಂಹ ಕಾಣುತ್ತದೆ, ಸುತ್ತ ಕಾಯುವ ಕತ್ತೆಕಿರುಬ ಕಾಣುತ್ತದೆ. ಕಳ್ಳ ಯಾರು ಎಂಬ ತೀರ್ಪು ಅಲ್ಲೇ ಆಗಿಬಿಡುತ್ತದೆ. ನಮ್ಮ ಬಳ್ಳಾರಿ, ಕೊಪ್ಪಳ, ತುಮಕೂರು ಕಡೆ ಇರುವುದು ಪಟ್ಟೆ ಕತ್ತೆಕಿರುಬ. ಒಂಟಿಯಾಗಿ ಓಡಾಡುವ, ನಾಚಿಕೆಯ ಪ್ರಾಣಿ. ಸತ್ತ ದನ ತಿಂದು ಊರ ಸುತ್ತ ಸ್ವಚ್ಛ ಮಾಡುತ್ತದೆ. ಆಫ್ರಿಕಾದ ನೆಂಟನ ಕೆಟ್ಟ ಹೆಸರು ಇದಕ್ಕೂ ಅಂಟಿಕೊಂಡಿದೆ. ನನಗೆ ತಪ್ಪು ವಿಳಾಸಕ್ಕಿಂತ ಇದು ದೊಡ್ಡ ವಿಷಯ.

'ಮಡಗಾಸ್ಕರ್' ಸಿನಿಮಾದ ಕಥೆ ಕೇಳಿ. ಆ ದ್ವೀಪದಲ್ಲಿ ಸಿಂಹ, ಜೀಬ್ರಾ, ಜಿರಾಫೆ ಇಲ್ಲ ಎಂದು ಸಿನಿಮಾಕ್ಕೂ ಗೊತ್ತು. ನ್ಯೂಯಾರ್ಕ್ ಮೃಗಾಲಯದವು ಹಡಗಿನಿಂದ ಬಿದ್ದು ಅಲ್ಲಿಗೆ ಸೇರುತ್ತವೆ, ವಿಳಾಸ ತಪ್ಪಿದ್ದೇ ತಮಾಷೆ. ಹಿನ್ನೆಲೆಯ ದಪ್ಪ ಕಾಂಡದ ಬಾವೊಬಾಬ್ ಮರಗಳೂ ಸರಿ. ಜಗತ್ತಿನ ಎಂಟು ಜಾತಿಗಳಲ್ಲಿ ಆರು ಆ ದ್ವೀಪದಲ್ಲಿ ಮಾತ್ರ ಇವೆ. ನಿಮಗೆ ಆ ಮರ ನೋಡಲು ಅಷ್ಟು ದೂರ ಹೋಗಬೇಕಿಲ್ಲ. ಸವಣೂರಿನ 'ದೊಡ್ಡ ಹುಣಸೆ ಮರ' ಎಂದು ಕರೆಯುತ್ತಾರಲ್ಲ, ಅದು ಆಫ್ರಿಕಾ ಖಂಡದ ಬಾವೊಬಾಬ್. ಇಷ್ಟೆಲ್ಲ ಸರಿ ಮಾಡಿದ ಸಿನಿಮಾ ಲೀಮರ್‌ಗಳಿಗೆ ಒಬ್ಬ ರಾಜನನ್ನು ಕೊಟ್ಟಿತು. ಉಂಗುರ ಬಾಲದ ಲೀಮರ್‌ಗಳಲ್ಲಿ ಹೆಣ್ಣಿನದೇ ಕಾರುಬಾರು. ಹಣ್ಣು ಮೊದಲು ಅವಕ್ಕೆ, ಬಿಸಿಲು ಕಾಯುವ ಒಳ್ಳೆಯ ಜಾಗ ಅವಕ್ಕೆ, ಗಂಡು ಹತ್ತಿರ ಬಂದರೆ ಮುಖಕ್ಕೆ ಒಂದು ಏಟು. ರಾಜ ಜೂಲಿಯನ್ ನಿಜದಲ್ಲಿ ಕೊನೆಯ ಪಂಕ್ತಿಯಲ್ಲಿ ಕೂರಬೇಕಾದವನು.

'ಫೈಂಡಿಂಗ್ ನೀಮೊ'ದಲ್ಲಿ ಸಮುದ್ರ ಬಹಳ ಚೆನ್ನಾಗಿದೆ. ಆಮೆಗಳು ಸವಾರಿ ಮಾಡುವ ಪೂರ್ವ ಆಸ್ಟ್ರೇಲಿಯಾ ಪ್ರವಾಹ ನಿಜಕ್ಕೂ ಹವಳದ ದಿಬ್ಬದ ಕಡೆಯಿಂದ ಸಿಡ್ನಿಯ ಕಡೆಗೆ ಹರಿಯುತ್ತದೆ. ಸಿಡ್ನಿಯ ಪೆಲಿಕನ್ ಮಾತ್ರ ಅಮೆರಿಕದ ಕಂದು ಜಾತಿಯದು, ಇರಲಿ ಬಿಡಿ. ಕ್ಲೌನ್ ಮೀನಿನ ಅಪ್ಪ ಮೊಟ್ಟೆಗಳ ಮೇಲೆ ರೆಕ್ಕೆಯಿಂದ ನೀರು ಬೀಸಿ ಕಾಯುವುದೂ ನಿಜ. ಆದರೆ ಅಲ್ಲಿ ಮನೆಯ ದೊಡ್ಡ ಮೀನು ಹೆಣ್ಣು. ಅದು ಸತ್ತರೆ ಎರಡನೆಯ ಸ್ಥಾನದ ಗಂಡು ತಾನೇ ಹೆಣ್ಣಾಗಿ ಬದಲಾಗುತ್ತದೆ. ಹೆಂಡತಿ ಸತ್ತ ಮೇಲೆ ನೀಮೊನ ಅಪ್ಪ ಮಾರ್ಲಿನ್ ಅಮ್ಮನಾಗಬೇಕಿತ್ತು. ಸಿನಿಮಾ ಅಪ್ಪನನ್ನೇ ಉಳಿಸಿಕೊಂಡಿತು. ಜೇನಿನ ಸಿನಿಮಾದಲ್ಲಿ ಮಕರಂದ ತರುವುದು ಗಂಡು. ಶಿರಸಿಯಲ್ಲಿ ಜೇನು ಸಾಕುವ ಯಾರನ್ನಾದರೂ ಕೇಳಿ, ನಗುತ್ತಾರೆ. ದುಡಿಯುವ ಹುಳ ಪ್ರತಿಯೊಂದೂ ಹೆಣ್ಣು. ಗಂಡಿಗೆ ಚುಚ್ಚಲು ಮುಳ್ಳೂ ಇಲ್ಲ.

ನೋಡಿದಿರಾ? ವಿಳಾಸದ ತಪ್ಪುಗಳು ಎತ್ತೆತ್ತಲೋ ಹೋಗುತ್ತವೆ, ಸುಮಾತ್ರದಿಂದ ಸಿಯೋನಿಗೆ, ಬಹಿಯಾದಿಂದ ರಿಯೊಗೆ. ಯಜಮಾನಿಕೆಯ ತಪ್ಪು ಮಾತ್ರ ಹೆಚ್ಚುಕಡಿಮೆ ಯಾವಾಗಲೂ ಒಂದೇ ದಿಕ್ಕಿಗೆ. ಅಜ್ಜಿ ಇರಬೇಕಾದ ಜಾಗದಲ್ಲಿ ಕರ್ನಲ್, ರಾಣಿ ಇರಬೇಕಾದಲ್ಲಿ ರಾಜ. ಇದು ಪ್ರಾಣಿಗಳ ಬಗ್ಗೆ ತಿಳಿಯದೆ ಆದ ತಪ್ಪು ಎಂದು ನನಗೆ ಅನ್ನಿಸುವುದಿಲ್ಲ. ನಮ್ಮ ಮನೆಯನ್ನು ಅವುಗಳ ಮನೆಯೊಳಗೆ ನೋಡಿದ್ದು.

ತೋರಿಸಬಾರದಾ ಅಂದಿರಿ. ತೋರಿಸಿ, ಧಾರಾಳವಾಗಿ ತೋರಿಸಿ. ನಡುವೆ ನಿಲ್ಲಿಸಿ ಪಾಠ ಮಾಡಬೇಡಿ, ಅದರಂಥ ಹಿಂಸೆ ಇನ್ನೊಂದಿಲ್ಲ. ಸಿನಿಮಾ ಮುಗಿದ ಮೇಲೆ ಗೋಡೆಯ ಮೇಲಿನ ನಕ್ಷೆಯಲ್ಲಿ ಮನೆ ಹುಡುಕಲು ಹೇಳಿ. ಯಜಮಾನಿ ಯಾರು ಅಂತ ಕೇಳಿ. ತಪ್ಪು ಹಿಡಿಯುವ ಆಟ ಮಕ್ಕಳಿಗೆ ಸಿನಿಮಾದಷ್ಟೇ ಇಷ್ಟ. ನಿಮ್ಮ ಮಗಳು ಆಗಲೇ ಶುರು ಮಾಡಿದ್ದಾಳೆ.

ಮತ್ತೆ, ಒರಾಂಗುಟಾನ್ ಇಲ್ಲದಿದ್ದರೇನಂತೆ, ಬಲೂ ನಿಮಗೆ ಹತ್ತಿರದಲ್ಲೇ ಇದ್ದಾನೆ. ಸಿಯೋನಿಯ ಕರಡಿಯೂ ನಮ್ಮ ಕರಡಿಯೂ ಒಂದೇ ಜಾತಿ. ಎದೆಯ ಮೇಲೆ ಬಿಳಿ ಗೆರೆ, ಮೈತುಂಬ ಜೂಲು. ಮೇಲಿನ ಮುಂದಿನ ಹಲ್ಲುಗಳಲ್ಲಿ ಎರಡು ಇರುವುದೇ ಇಲ್ಲ. ಆ ಸಂದಿಯಿಂದ ಗೆದ್ದಲನ್ನು ಸೊರ್ರಂತ ಎಳೆದುಕೊಳ್ಳುತ್ತದೆ. ಅದಕ್ಕೆ ಬಲೂನ ಸ್ವಭಾವ ಇದೆ ಎಂದು ಮಾತ್ರ ನಂಬಬೇಡಿ. ಬಳ್ಳಾರಿ ಕಡೆಯ ರೈತರು ಚಿರತೆಗಿಂತ ಕರಡಿಗೆ ಹೆಚ್ಚು ಹೆದರುತ್ತಾರೆ. ಕರಡಿ ಕುಣಿಸುವವರು ಊರಿಗೆ ಬರುತ್ತಿದ್ದ ಕಾಲದಲ್ಲಿ, ಹೆದರುವ ಮಕ್ಕಳನ್ನು ಕರಡಿಯ ಬೆನ್ನ ಮೇಲೆ ಕೂರಿಸುತ್ತಿದ್ದರು. ನಿಮ್ಮ ಮನೆಯ ಹಿರಿಯರಿಗೆ ನೆನಪಿರಬಹುದು. ಮೂಗು ಚುಚ್ಚಿ ಹಗ್ಗ ಕಟ್ಟಿದ ಆ ಕರಡಿಗಳ ಪಾಡು ಬೇರೆ ಕಥೆ.

ಹಂಪಿಯ ಹತ್ತಿರ ದರೋಜಿ ಕರಡಿಧಾಮ ಇದೆ, 1994ರಲ್ಲಿ ಆದದ್ದು. ಮಧ್ಯಾಹ್ನದ ಮೇಲೆ ಹೋಗಿ, ವೀಕ್ಷಣಾ ಗೋಪುರದಲ್ಲಿ ಕೂರಿ, ದುರ್ಬೀನು ಇರಲಿ. ಎದುರಿನ ಬಂಡೆಗಳ ಮೇಲೆ ಕರಡಿಗಳು ಒಂದೊಂದಾಗಿ ಇಳಿದು ಬರುತ್ತವೆ. ಬೆನ್ನ ಮೇಲೆ ಮರಿ ಕೂರಿಸಿಕೊಂಡದ್ದು ಕಂಡರೆ ಮಗಳಿಗೆ ತೋರಿಸಿ. ಹೀಗೆ ತಿಂಗಳುಗಟ್ಟಲೆ ಮರಿಯನ್ನು ಬೆನ್ನ ಮೇಲೆ ಹೊತ್ತು ತಿರುಗುವುದು ಕರಡಿಗಳಲ್ಲಿ ಈ ಜಾತಿಯೊಂದರದ್ದೇ ರೂಢಿ. ಸಿನಿಮಾದಲ್ಲಿ ಹುಡುಗನನ್ನು ಹೊಟ್ಟೆಯ ಮೇಲೆ ಮಲಗಿಸಿಕೊಂಡು ಹೊಳೆಯಲ್ಲಿ ತೇಲುವ ಬಲೂ ಅವಳಿಗೆ ನೆನಪಾಗಬಹುದು. ನೀವು ಅಲ್ಲಿ ನೋಡುವುದು ತಾಯಿ ಕರಡಿಯನ್ನು. ಗಂಡು ಕರಡಿ ಮರಿಗಳ ಹತ್ತಿರ ಸುಳಿಯುವುದಿಲ್ಲ.